ಭಾನುವಾರದ ಮಾತುಕತೆ: ಸಿಸ್ಟಮ್‌ಡಿ ಬೇಕಾ, ಹಳೇ ಯುನಿಕ್ಸ್ ರೂಢಿನೇ ಸಾಕಾ?

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 11ಕ್ಕೆ ಆನ್‌ಲೈನ್‌ನಲ್ಲಿ ಸೇರೋಣ. ಲಿಂಕ್ ಶನಿವಾರ ರಾತ್ರಿ ಇಲ್ಲೇ ಹಾಕುತ್ತೇನೆ. ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ತಪ್ಪದೇ ಬನ್ನಿ. ಉಳಿದವರು ಸುಮ್ನೆ ಕೇಳಿಸಿಕೊಂಡರೂ ಆಯ್ತು.

ಸಿಸ್ಟಮ್‌ಡಿ ಅಂದರೆ ಲಿನಕ್ಸ್ ಕಂಪ್ಯೂಟರ್ ಆನ್ ಆದಾಗ ಉಳಿದ ಪ್ರೋಗ್ರಾಮುಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಮ್. ಅದರ ಬಗ್ಗೆ ಜಗಳ ಹಳೆಯದೇ. ಲಿನಕ್ಸ್‌ಗೆ ಮಾದರಿಯಾದ ಹಳೇ ಆಪರೇಟಿಂಗ್ ಸಿಸ್ಟಮ್ ಯುನಿಕ್ಸ್‌ನ ರೂಢಿಯಲ್ಲಿ ಒಂದು ಪ್ರೋಗ್ರಾಮಿಗೆ ಒಂದೇ ಕೆಲಸ, ಲಾಗ್ (ಏನೇನಾಯ್ತು ಅನ್ನೋ ದಾಖಲೆ) ಅಂದರೆ ಸಾದಾ ಟೆಕ್ಸ್ಟ್ ಫೈಲ್. 2010ರಲ್ಲಿ ಬಂದ ಸಿಸ್ಟಮ್‌ಡಿ, ಮೊದಲೇ ಹೇಳಿಟ್ಟರೆ, ಬಿದ್ದುಹೋದ ಸರ್ವಿಸನ್ನು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮನ್ನು) ತಾನೇ ಎಬ್ಬಿಸುತ್ತದೆ, ಮೆಮೊರಿಗೆ ಮಿತಿ ಹಾಕುತ್ತದೆ. ನೂರಾರು ಸರ್ವರ್ ಇರುವ ಕಂಪನಿಗೆ ಇನ್ನೇನು ಬೇಕು? ಆದರೆ ಅದರ ಲಾಗ್, ಅಂದರೆ ಜರ್ನಲ್, ಬೈನರಿ (ಸಾದಾ ಟೆಕ್ಸ್ಟ್ ಅಲ್ಲ), ಗ್ರೆಪ್ ಅನ್ನೋ ಹುಡುಕುವ ಕಮಾಂಡಿನಿಂದ ನೇರವಾಗಿ ಓದೋಕೆ ಆಗಲ್ಲ. 2014ರಲ್ಲಿ ಡೆಬಿಯನ್ ಅನ್ನೋ ಲಿನಕ್ಸ್ ಆವೃತ್ತಿ ಸಿಸ್ಟಮ್‌ಡಿಯನ್ನು ಆರಿಸಿಕೊಂಡಾಗ ಕೆಲವರು ಮುನಿಸಿಕೊಂಡು, ಸಿಸ್ಟಮ್‌ಡಿ ಇಲ್ಲದ ಡೆವುವಾನ್ ಅಂತ ಬೇರೆ ಮನೆಯನ್ನೇ ಮಾಡಿದರು. ನನ್ನ ಪ್ರಕಾರ ಸರ್ವಿಸ್ ನೋಡಿಕೊಳ್ಳೋದು ಸರಿ, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕೋದು), ಲಾಗಿನ್ ಎಲ್ಲದಕ್ಕೂ ಕೈ ಹಾಕಿದ್ದು ಜಾಸ್ತಿಯಾಯ್ತು. ಒಪ್ಪದವರು ಭಾನುವಾರ ಬೈಯಬಹುದು.

ಬರುವ ಮುಂಚೆ ಒಂದು ಕೆಲಸ ಮಾಡಿ. ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರ್ ಒಳಗಿನ ನಕಲಿ ಕಂಪ್ಯೂಟರ್) ಡೆಬಿಯನ್, ಡೆವುವಾನ್ ಎರಡನ್ನೂ ಹಾಕಿಕೊಳ್ಳಿ. ಎರಡರಲ್ಲೂ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸರ್ವಿಸ್) ಶುರು ಮಾಡುವ ಫೈಲ್ ತೆರೆದು ನೋಡಿ. ಡೆಬಿಯನ್‌ನ ಯೂನಿಟ್ ಫೈಲಿನಲ್ಲಿ (ಸಿಸ್ಟಮ್‌ಡಿಗೆ ಸೂಚನೆ ಕೊಡುವ ಫೈಲ್) ಕೆಲವೇ ಸಾಲು, ಡೆವುವಾನ್‌ನಲ್ಲಿ ಉದ್ದನೆಯ ಶೆಲ್ ಸ್ಕ್ರಿಪ್ಟ್ (ಕಮಾಂಡುಗಳ ಪಟ್ಟಿ). ಆಮೇಲೆ ಆ ಸರ್ವಿಸನ್ನು ಕಿಲ್ ಮಾಡಿ (ಬಲವಂತವಾಗಿ ನಿಲ್ಲಿಸಿ), ಏನಾಗುತ್ತೆ ಅಂತ ಬರೆದಿಟ್ಟುಕೊಳ್ಳಿ. ಆಫೀಸಿನ ಸರ್ವರ್ ಮೇಲೆ ಈ ಆಟ ಬೇಡ, ಪ್ಲೀಸ್!

ಬರುವವರು ಶುಕ್ರವಾರದೊಳಗೆ "ಬರ್ತೀನಿ" ಅಂತ ಇಲ್ಲೇ ಹಾಕಿ. ಸಿಸ್ಟಮ್‌ಡಿ ಇಲ್ಲದ ಹಳೇ ಲಿನಕ್ಸ್ ಆವೃತ್ತಿ ಸ್ಲ್ಯಾಕ್‌ವೇರ್ ಬಳಸುವವರು ಯಾರಾದರೂ ಇದ್ದರೆ ಹತ್ತು ನಿಮಿಷ ಮಾತಾಡಬೇಕು, ದಯವಿಟ್ಟು ನನಗೆ ಮೆಸೇಜ್ ಮಾಡಿ.