ಇನ್ಮುಂದೆ ಮೊದಲು ಪಾಯ ನೋಡ್ತೀವಿ, ಆಮೇಲೆ ಪ್ಲಾನ್

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಕಾರ್ ಶೆಡ್ಡನ್ನು ರೂಮ್ ಮಾಡಿಸುವವರಿಗೆ, ಮಾಳಿಗೆ ಮೇಲೆ ಒಂದು ರೂಮ್ ಎಬ್ಬಿಸುವವರಿಗೆ ನಾವು ಇಷ್ಟು ದಿನ ಮೂರೇ ದಿನದಲ್ಲಿ ಮೊದಲ ಪ್ಲಾನ್ ಹಾಕಿ ಕೊಡುತ್ತಿದ್ದೆವು, ಅದೂ ಪುಕ್ಕಟೆ. ಬರುವ ಯುಗಾದಿಯಿಂದ ಅದನ್ನು ನಿಲ್ಲಿಸುತ್ತಿದ್ದೇವೆ. ಇನ್ಮುಂದೆ ಮೊದಲು ಮನೆಯ ತಪಾಸಣೆ. ಅದಕ್ಕೆ 3,000 ರೂಪಾಯಿ. ಪ್ಲಾನ್ ನಮ್ಮಲ್ಲೇ ಮಾಡಿಸಿದರೆ ಆ ದುಡ್ಡನ್ನು ನಮ್ಮ ಫೀಸಿನಲ್ಲಿ ಕಳೆಯುತ್ತೇವೆ. ಮಾಡಿಸದಿದ್ದರೆ ವಾಪಸ್ ಇಲ್ಲ. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ಲೆಕ್ಕವೇ.

ಯಾಕೆ ಅಂತ ಕೇಳುತ್ತೀರಿ. ಹೇಳುತ್ತೇವೆ, ತಪ್ಪು ನಮ್ಮದೇ.

ಹೋದ ವರ್ಷ ಒಂದು ಮನೆಗೆ ಮಾಳಿಗೆ ರೂಮಿನ ಪ್ಲಾನ್ ಹಾಕಿದೆವು. ಮೇಲೆ ಹತ್ತಿ ನೋಡಿದಾಗ ನಾಲ್ಕೂ ಮೂಲೆಯಲ್ಲಿ ಪಿಲ್ಲರ್ ಕಂಬಿ ಬಿಟ್ಟಿದ್ದರು. ಬಟ್ಟೆ ಒಣಗಿಸುವ ತಂತಿ ಅದಕ್ಕೇ ಕಟ್ಟಿತ್ತು. ಕಂಬಿ ಬಿಟ್ಟಿದ್ದಾರೆ ಅಂದರೆ ಮೇಲೆ ಕಟ್ಟುವ ಲೆಕ್ಕದಲ್ಲೇ ಪಾಯ ಹಾಕಿಸಿರುತ್ತಾರೆ ಅಂದುಕೊಂಡೆವು. ಪ್ಲಾನ್ ಎಲ್ಲರಿಗೂ ಹಿಡಿಸಿತು, ಇಟ್ಟಿಗೆಯೂ ಬಂದು ಬಿತ್ತು. ಕೆಲಸ ಶುರುವಾಗುವ ಹಿಂದಿನ ದಿನ ಯಾಕೋ ಮನಸ್ಸು ತಡೆಯದೆ ಮೂಲೆಯಲ್ಲಿ ಒಂದು ಗುಂಡಿ ತೋಡಿಸಿದೆವು. ಎರಡೂವರೆ ಅಡಿಗೇ ಕಲ್ಲು ಮುಗಿಯಿತು. ಅದರ ಕೆಳಗೆ ಬರೀ ಎರೆಮಣ್ಣು, ಸಲಿಕೆಗೆ ಅಂಟಿಕೊಂಡು ಬರುತ್ತಿತ್ತು. ಅದನ್ನೇ ನೋಡುತ್ತಾ ನಿಂತಿದ್ದ ಆ ಮನೆಯ ಅಜ್ಜಿ ಹೇಳಿದರು: "ಆ ಕಿಟಕಿ ಮ್ಯಾಲಿನ ಬಿರುಕು ಬ್ಯಾಸಿಗ್ಯಾಗ ಬಾಯಿ ಬಿಡ್ತೈತಿ, ಮಳಿಗಾಲಕ್ಕ ಮುಚ್ಕಂತೈತಿ. ನೀವು ಕೇಳಲೇ ಇಲ್ಲಲ್ರೀ."

ಹೌದು, ಕೇಳಿರಲಿಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆಯೂ ಅದರ ಜೊತೆ ಅಲ್ಲಾಡುತ್ತದೆ. ಬಳ್ಳಾರಿಯಲ್ಲಿ ಗುಡ್ಡದ ಬುಡದ ಓಣಿಯಲ್ಲಿ ಪಾಯ ತೆಗೆದರೆ ಬಂಡೆಯೇ ಸಿಗಬಹುದು, ಹೊರಗಿನ ಲೇಔಟಿಗೆ ಹೋದರೆ ಹೊಲದ ಮಣ್ಣು. ಪಕ್ಕದ ಮನೆಯವರು ಮೇಲೆ ಕಟ್ಟಿದ್ದಾರೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಭಾರದ್ದೂ ಸ್ವಲ್ಪ ಹೇಳಬೇಕು. ಹತ್ತಡಿ ಉದ್ದ, ಹತ್ತಡಿ ಎತ್ತರದ 9 ಇಂಚಿನ ಒಂದು ಇಟ್ಟಿಗೆ ಗೋಡೆಯೇ ಹತ್ತಿರ ಹತ್ತಿರ 4 ಟನ್ ತೂಗುತ್ತದೆ. ರೂಮಿಗೆ ಅಂಥವು ನಾಲ್ಕು ಬೇಕು, ಮೇಲೆ ಸ್ಲ್ಯಾಬು, ಅದರ ಮೇಲೆ ಸಾವಿರ ಲೀಟರಿನ ಟ್ಯಾಂಕಿಟ್ಟರೆ ಇನ್ನೊಂದು ಟನ್. ಅದೇ ಗೋಡೆಯನ್ನು 8 ಇಂಚಿನ ಎಎಸಿ ಬ್ಲಾಕಿನಲ್ಲಿ (ಒಳಗೆ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್ ಬ್ಲಾಕು) ಕಟ್ಟಿದರೆ ಪ್ಲಾಸ್ಟರ್ ಬಿಟ್ಟು ಒಂದೂಕಾಲು ಟನ್ ಆಗಬಹುದು. ಎಷ್ಟೋ ಮನೆಗಳಿಗೆ ಇದರಿಂದಲೇ ದಾರಿ ಸಿಗುತ್ತದೆ. ಆದರೆ ಆ ಮಾತು ಹೇಳಬೇಕಾದವರು ಸ್ಟ್ರಕ್ಚರಲ್ ಇಂಜಿನಿಯರ್. ಆರ್ಕಿಟೆಕ್ಟ್ ಆದ ನಾವು ಕಣ್ಣಳತೆಯಲ್ಲಿ ಹೇಳಬಾರದು. ತಪಾಸಣೆ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅವರಿಗೇ ಹೋಗುತ್ತದೆ, ಉಳಿದದ್ದು ಗುಂಡಿ ತೋಡುವವರ ಕೂಲಿ.

ಇನ್ನು ಕಾರ್ ಶೆಡ್ಡು. ನಮ್ಮೂರಲ್ಲಿ ಇದನ್ನು ಕೇಳಿಕೊಂಡು ಬರುವವರಲ್ಲಿ ಜೀನ್ಸ್ ಹೊಲಿಗೆ ಮಷಿನ್ ಹಾಕುವವರೇ ಜಾಸ್ತಿ. ಸುಮ್ನೆ ಶಟರ್ ತೆಗೆದು ಗೋಡೆ ಕಟ್ಟಿ ಕಿಟಕಿ ಇಟ್ಟರೆ ಆಯ್ತಲ್ವಾ ಅಂತಾರೆ. ತೊಡಕು ಇರುವುದು ಎತ್ತರದಲ್ಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಗ್ಯಾರೇಜಿಗೆ 2.4 ಮೀಟರ್ ಎತ್ತರ ಸಾಕು, ಜನ ಇರುವ ರೂಮಿಗೆ 2.75 ಮೀಟರ್ ಬೇಕು. ಅಂದರೆ ಅಳತೆ ಪ್ರಕಾರವೇ ಕಟ್ಟಿದ ಶೆಡ್ಡು ಕೂಡ ರೂಮಿಗೆ ಒಂದಡಿಗಿಂತ ಜಾಸ್ತಿ ಗಿಡ್ಡ. ಅದರ ಜೊತೆಗೆ, ಶೆಡ್ಡಿನ ನೆಲ ರಸ್ತೆಯ ಮಟ್ಟಕ್ಕೇ ಇರುತ್ತದೆ. ಮಳೆ ನೀರು ಒಳಗೆ ಬರಬಾರದು ಅಂತ ಅರ್ಧ ಅಡಿ ಏರಿಸಿದಿರೋ, ಉದ್ದ ಇರುವವರು ಕೈ ಎತ್ತಿದರೆ ಫ್ಯಾನು! ಇಂಥ ಕಡೆ ಕೆಲವೊಮ್ಮೆ ಸಾಮಾನಿನ ಕೋಣೆ ಮಾಡಿಕೊಳ್ಳಿ ಅಂತ ಹೇಳಿ ಕಳಿಸುತ್ತೇವೆ. ಕೆಲಸ ಕೈ ತಪ್ಪುತ್ತದೆ, ಇರಲಿ. ಪ್ಲಾನಿನಲ್ಲಿ ಪಾರ್ಕಿಂಗ್ ಅಂತ ತೋರಿಸಿದ ಜಾಗವಾದರೆ ಪಾಲಿಕೆಯಲ್ಲಿ ಕೇಳದೆ ಮುಚ್ಚಬೇಡಿ. ವ್ಯಾಪಾರಕ್ಕಾದರೆ ಕರೆಂಟಿನ ಬಗ್ಗೆ ಜೆಸ್ಕಾಂನಲ್ಲೂ ಮೊದಲೇ ಮಾತಾಡಿ.

ಇನ್ನೊಂದು ಬದಲಾವಣೆ ಕೆಲವರಿಗೆ ವಿಚಿತ್ರ ಅನಿಸಬಹುದು. ಮಾಳಿಗೆ ರೂಮಿನ ಜಾಗ ನೋಡಲು ಇನ್ಮುಂದೆ ಮಧ್ಯಾಹ್ನ 3 ಗಂಟೆಗೇ ಬರುತ್ತೇವೆ. ಬೆಳಿಗ್ಗೆ 8ಕ್ಕೆ ಎಲ್ಲ ಮಾಳಿಗೆಯೂ ತಂಪಾಗಿಯೇ ಇರುತ್ತದೆ. ಏಪ್ರಿಲ್ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಚಪ್ಪಲಿ ಬಿಟ್ಟು ನಿಂತರೆ ಗೊತ್ತಾಗುತ್ತದೆ, ಪಡುವಣ ಗೋಡೆಗೆ ಹಾಸಿಗೆ ಹಾಕಬಾರದು ಅಂತ. ಆ ಕಡೆ ಬಾತ್‌ರೂಮೋ ಬೀರುವೋ ಬಂದರೆ ಬಿಸಿಯನ್ನು ಅದು ತಡೆದುಕೊಳ್ಳುತ್ತದೆ. ಸ್ಲ್ಯಾಬಿನ ಮೇಲೆ ಬಿಳಿ ಸುಣ್ಣ ಬಳಿಸಿ, ಖರ್ಚು ಕಡಿಮೆ. ಕಿಟಕಿ ದೊಡ್ಡದಿದ್ದಷ್ಟೂ ಗಾಳಿ ಅನ್ನುವುದು ನಮ್ಮ ಸೀಮೆಗೆ ಪೂರ್ತಿ ಹೊಂದುವುದಿಲ್ಲ. ಒಣ ಬಿಸಿಲಿನ ಊರಿಗೆ ಸಂಹಿತೆ ಕೇಳುವುದು ನೆಲದ ಹತ್ತನೇ ಒಂದು ಭಾಗ. 12×10ರ ರೂಮಿಗೆ ಎದುರು ಬದುರು ಎರಡು ಕಿಟಕಿಯಾಗಿ 12 ಚದರ ಅಡಿ ಸಿಕ್ಕರೆ ಸಾಕು.

ವಾಸ್ತು ಕೇಳುವವರು ನಿಮ್ಮ ಪಂಡಿತರನ್ನು ತಪಾಸಣೆ ದಿನವೇ ಕರೆಸಿ. ಪ್ಲಾನ್ ಮುಗಿದ ಮೇಲೆ ಮೆಟ್ಟಿಲು ತಿರುಗಿಸುವುದಕ್ಕೆ ಇನ್ನು ಬೇರೆ ಫೀಸು!

ತಪಾಸಣೆಗೆ ಸುಮಾರು ಎರಡು ತಾಸು ಬೇಕು, ಪ್ಲಾನ್ ಕೈಗೆ ಬರಲು ಹದಿನೈದು ದಿನ. ಹಳೇ ಪ್ಲಾನ್, ಲೈಸೆನ್ಸ್ ಕಾಗದ, ಮನೆ ಕಟ್ಟುವಾಗ ತೆಗೆದ ಫೋಟೋ ಇದ್ದರೆ ಹುಡುಕಿಡಿ. ಪಾಯದ ಫೋಟೋ ಒಂದು ಸಿಕ್ಕರೂ ಗುಂಡಿ ತೋಡುವುದು ಉಳಿಯಬಹುದು. ಶೆಡ್ಡಿನಿಂದ ಕಾರು ಹೊರಗಿರಲಿ, ಗೋಡೆಗೆ ಒರಗಿಸಿದ ಸಾಮಾನು ಒಂದು ಮೊಳ ಈಚೆ ಸರಿಸಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರೂ ಅವತ್ತು ಮನೆಯಲ್ಲೇ ಇರಲಿ, ಅವರ ಹತ್ತಿರ ಮಾತಾಡುವುದಿದೆ.

ಇಂತಿ,
ನಿಮ್ಮ ಪ್ಲಾನ್ ಆಫೀಸಿನವರು, ಬಳ್ಳಾರಿ