ಮದ್ದು ಸೊಪ್ಪಿನ ಬಣ್ಣ

ಮಡಿಕೇರಿ
ಆಗಸ್ಟ್ 4

ಪ್ರೀತಿಯ ಪುಟ್ಟಿ,

ನಿನ್ನೆ ಆಟಿ ಹದಿನೆಂಟು, ಮದ್ದು ಸೊಪ್ಪಿನ ಪಾಯಸದ ದಿನ. ಎಂಥಾ ಮಳೆ! ಅದರಲ್ಲೇ ಅಪ್ಪ ತೋಟಕ್ಕೆ ಹೋಗಿ ಮದ್ದು ಸೊಪ್ಪು ತಂದರು. ಪಾಯಸ ಮಾಡಿ ಅಜ್ಜಿಯ ಮುಂದೆ ಇಟ್ಟೆ. "ಇದೇನು?" ಅಂತ ಕೇಳಿದರು. ಆ ಸೊಪ್ಪನ್ನು ಗುರುತು ಹಿಡಿಯಲು ನನಗೆ ಕಲಿಸಿದವರೇ ಅವರು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ನಿನಗೆ ನೆನಪಿದೆಯಾ? ಪಾಯಸ ತಿಂದ ಮೇಲೆ ಮೂತ್ರ ಕೆಂಪಾಯಿತು ಅಂತ ನೀನು ಹೆದರಿ ಓಡಿ ಬಂದಿದ್ದೆ. "ಸೊಪ್ಪಿನ ಬಣ್ಣ ಮೈಯೆಲ್ಲ ಸುತ್ತಿ ಹೊರಗೆ ಬಂತು, ಅಷ್ಟೇ" ಅಂದಿದ್ದರು ಅಜ್ಜಿ. ಮೈಯೊಳಗೆ ಹೋಗಿ ಬೇಕಾದ ಕಡೆ ಅಂಟಿ, ಸ್ಕ್ಯಾನಿನಲ್ಲಿ ಕಾಣಿಸುವ ಗುರುತು ವಸ್ತು, ನಿನ್ನ ಟ್ರೇಸರ್, ಅದರ ಕೆಲಸ ನನಗೆ ಅರ್ಥವಾದದ್ದು ಹೀಗೇ. ಅದೂ ಹುಟ್ಟಿದ್ದು ಬಣ್ಣದಿಂದಲೇ ಅಲ್ವಾ? ತೀರಿಹೋದವರ ಮೆದುಳಿನ ಚೂರಿಗೆ ಥಿಯೋಫ್ಲೇವಿನ್ ಅನ್ನೋ ಬಣ್ಣ ಹಾಕಿ, ಅಲ್ಲಿ ಸೇರಿಕೊಂಡ ಅಮಿಲಾಯ್ಡ್ ಅನ್ನೋ ಪ್ರೋಟೀನಿನ ಮುದ್ದೆಗಳನ್ನು ನೋಡುತ್ತಿದ್ದರು. ಪಿಟ್ಸ್‌ಬರ್ಗಿನ ಕ್ಲಂಕ್ ಮತ್ತು ಮ್ಯಾಥಿಸ್ ಆ ಬಣ್ಣವನ್ನೇ ತಿದ್ದಿ, ಬದುಕಿರುವವರ ಮೆದುಳಿಗೂ ಇಳಿಯುವ ಹಾಗೆ ಮಾಡಿದರು. 2004ರಲ್ಲಿ ಅದು ಪ್ರಕಟವಾಯಿತು.

ಸ್ಕ್ಯಾನಿನಲ್ಲಿ ಕಾಣಲೆಂದು ಅದರಲ್ಲಿ ಸೇರಿಸಿದ್ದ, ವಿಕಿರಣ ಸೂಸುವ ಕಾರ್ಬನ್-11 ಪ್ರತಿ 20 ನಿಮಿಷಕ್ಕೆ ಅರ್ಧವಾಗುತ್ತದೆ. ಮಡಿಕೇರಿಯಲ್ಲಿ ತಯಾರಿಸಿದರೂ ಕುಶಾಲನಗರ ಮುಟ್ಟುವಷ್ಟರಲ್ಲಿ ಅರ್ಧವೂ ಉಳಿಯುವುದಿಲ್ಲ. ಅದರ ಬದಲು ಬಳಸುವ ಫ್ಲೋರಿನ್-18 ಅರ್ಧವಾಗಲು ಸುಮಾರು 110 ನಿಮಿಷ. ದೂರದ ಆಸ್ಪತ್ರೆಗೂ ಕಳಿಸಬಹುದು. ನಮ್ಮಂಥ ಊರಿನವರಿಗೆ ಇದೇ ದೊಡ್ಡ ವಿಷಯ.

ಆದರೆ ಅಮಿಲಾಯ್ಡ್ ಕಂಡ ಮಾತ್ರಕ್ಕೆ ಮರೆವಿನ ಕಾಯಿಲೆ ಅನ್ನಲಾಗದು, ಚೆನ್ನಾಗಿರುವ ಮುದುಕರಲ್ಲೂ ಇರುತ್ತದೆ ಅಂತ ನೀನೇ ಹೇಳಿದ್ದೆ. ಮರೆವಿನ ಜೊತೆ ಹೆಚ್ಚು ಹೊಂದಿಕೊಂಡು ಹೋಗುವುದು ಟೌ ಅನ್ನೋ ಇನ್ನೊಂದು ಪ್ರೋಟೀನು. ಟೌ ತೋರಿಸುವ ಮೊದಲ ಟ್ರೇಸರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಅದು ಟೌ ಇಲ್ಲದ ಕಡೆಗೂ ಅಂಟುತ್ತದೆ, ಚಿತ್ರ ಕಲಸಿಹೋಗುತ್ತದೆ. ಬೇಕಾದ ಕಡೆ ಮಾತ್ರ ಅಂಟಿ, ಉಳಿದ ಕಡೆಯಿಂದ ಬೇಗ ತೊಳೆದುಹೋಗುವಂಥದ್ದು ಬೇಕು. ನೀನು ರಾತ್ರಿಯೆಲ್ಲ ಲ್ಯಾಬಿನಲ್ಲಿ ಕೂರುವುದು ಇದಕ್ಕೇ ಅಂತ ಗೊತ್ತಾದ ಮೇಲೆ, ಊಟ ಮಾಡಿದೆಯಾ ಅಂತ ಕೇಳುತ್ತೇನೆಯೇ ಹೊರತು ಬೈಯುವುದಿಲ್ಲ.

"ವಯಸ್ಸಾಯ್ತು, ಮರೆವು ಸಹಜ" ಅಂತ ಒಬ್ಬ ಡಾಕ್ಟರು ಹೇಳಿದ್ದನ್ನೇ ನಂಬಿ ನಾವು ಎರಡು ವರ್ಷ ಸುಮ್ನೆ ಇದ್ದೆವು. ಆಗಲೇ ತಿಳಿದಿದ್ದರೂ ವಾಸಿಯಾಗುತ್ತಿರಲಿಲ್ಲ, ಗೊತ್ತು. ಆದರೆ ಕೇಳಿದ್ದನ್ನೇ ಕೇಳುತ್ತಾರೆ ಅಂತ ನಾನು ಅವರ ಮೇಲೆ ರೇಗುತ್ತಿರಲಿಲ್ಲ. ಅದೊಂದು ನನ್ನನ್ನು ಈಗಲೂ ಕೊರೆಯುತ್ತದೆ.

ಅಜ್ಜಿ ಆಮೇಲೆ ಎರಡು ಬಟ್ಟಲು ಪಾಯಸ ತಿಂದರು. "ಬೆಲ್ಲ ಸಾಲದು" ಅಂದರು. ನಿಜ ಪುಟ್ಟಿ, ನಾನು ಕಡಿಮೆ ಹಾಕಿದ್ದೆ.

ನಿನ್ನ
ಅಮ್ಮ