ಗೃಹಪ್ರವೇಶಕ್ಕೆ ಬರದವನ ಪತ್ರ

ಕೊಡಗಿನ ಶನಿವಾರಸಂತೆ ಹತ್ತಿರದ ನಮ್ಮ ಮನೆಯಿಂದ,
ಆಶ್ಲೇಷ ಮಳೆ ಹಿಡಿದ ನಾಲ್ಕನೇ ದಿನ

ಪ್ರೀತಿಯ ಗೆಳೆಯ,

ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಸಿಟ್ಟು ಬಂದಿದೆ ಅಂತ ಗೊತ್ತು. ಆಷಾಢ ಕಳೆಯಲಿ ಅಂತ ಕಾದು, ಶ್ರಾವಣದಲ್ಲಿ ಒಳ್ಳೆ ದಿನ ನೋಡಿ ಇಟ್ಟುಕೊಂಡ ಗೃಹಪ್ರವೇಶ. ನಮ್ಮ ಕೊನೆ ಬೆಂಚಿನ ಗೆಳೆಯರೆಲ್ಲ ಬಂದಿದ್ದರಂತೆ, ನಾನೊಬ್ಬ ಇಲ್ಲ. "ಎರಡು ಹಸು, ನಾಲ್ಕು ಕೋಳಿ ಇಟ್ಕೊಂಡು ಅವನಿಗೆ ಪುರುಸೊತ್ತಿಲ್ವಂತೆ" ಅಂತ ನೀನು ಅಂದದ್ದು ನನ್ನ ಕಿವಿಗೂ ಬಿತ್ತು. ಹಸು ಮೂರು, ಕೋಳಿ ಹದಿನೇಳು ಮಾರಾಯ. ಹಂದಿ ಎರಡು, ಬಾತುಕೋಳಿ ಆರು. ಬೈಯುವುದಾದರೆ ಲೆಕ್ಕ ಸರಿ ಇಟ್ಟುಕೊಂಡು ಬೈ.

ಆ ರಾತ್ರಿ ಏನಾಯ್ತು ಅಂತ ಬರೆಯುತ್ತೇನೆ. ಬೆಂಚಿನವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೇ ಹಾಕುತ್ತಿದ್ದೇನೆ.

ರಾತ್ರಿ ಬಸ್ಸಿಗೆ ಟಿಕೆಟ್ ಆಗಿತ್ತು. ಬ್ಯಾಗ್ ಜಗಲಿಗೆ ಬಂದಿತ್ತು. ಸಂಜೆ ಹಾಲು ಕರೆಯಲು ಹೋದ ಹೆಂಡತಿ ಕೊಟ್ಟಿಗೆಯಿಂದಲೇ ಕೂಗಿದಳು, "ಚುಕ್ಕಿ ಯಾಕೋ ಹಿಂಡಿ ಮುಟ್ಟಿಲ್ಲ ನೋಡಿ." ನನ್ನ ಲೆಕ್ಕದಲ್ಲಿ ಅದು ಕರು ಹಾಕಲು ಇನ್ನೂ ಎಂಟು ದಿನ ಇತ್ತು. ಹಸುವಿಗೆ ಸುಮಾರು 280 ದಿನ ಅಲ್ವಾ, ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದೆ. ಹೋಗಿ ನೋಡಿದರೆ ಬಾಲದ ಬುಡದಲ್ಲಿ ಎರಡೂ ಕಡೆ ಗುಳಿ ಬಿದ್ದಿದೆ. ಕೆಚ್ಚಲು ಬಿಗಿದು ಹೊಳೆಯುತ್ತಿದೆ. ಏಳುತ್ತದೆ, ಮಲಗುತ್ತದೆ, ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತದೆ. ಬ್ಯಾಗ್ ವಾಪಸ್ ಒಳಗೆ ಇಟ್ಟೆ.

ಒಂಬತ್ತರ ಹೊತ್ತಿಗೆ ನೀರು ಒಡೆಯಿತು. ಕರು ಸರಿಯಾಗಿ ಬರುವುದಾದರೆ ಎರಡು ಮುಂಗಾಲು ಮುಂದೆ, ಅದರ ಮೇಲೆ ಮೂತಿ. ಹೊಳೆಗೆ ಹಾರುವ ಹುಡುಗನ ಹಾಗೆ. ಇಲ್ಲಿ ಕಂಡದ್ದು ಒಂದೇ ಗೊರಸು. ಅರ್ಧ ಗಂಟೆ ಕಾದರೂ ಇನ್ನೊಂದು ಬರಲಿಲ್ಲ. ಚುಕ್ಕಿ ಮುಕ್ಕಿ ಮುಕ್ಕಿ ಸುಸ್ತಾಗಿ ಕತ್ತು ಚಾಚಿ ಮಲಗಿಬಿಟ್ಟಿತು. "1962ಕ್ಕೆ ಫೋನ್ ಮಾಡಿ" ಅಂದಳು ಹೆಂಡತಿ. ಪಶು ಆಂಬುಲೆನ್ಸ್ ನಂಬರ್ ಅದು, ಗೋಡೆ ಮೇಲೇ ಬರೆದಿದ್ದೇವೆ. ಆದರೆ ಮಧ್ಯಾಹ್ನವೇ ಸಿಲ್ವರ್ ಮರ ಲೈನ್ ಮೇಲೆ ಬಿದ್ದು ಕರೆಂಟ್ ಹೋಗಿತ್ತು. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಇಲ್ಲಿ ಟವರೂ ಹೋಗುತ್ತದೆ. ನೀನು ಅವತ್ತು ಎಷ್ಟು ಸಲ ಫೋನ್ ಮಾಡಿದೆಯೋ ನನಗೆ ಗೊತ್ತಿಲ್ಲ.

ಮಗ ಟಾರ್ಚ್ ಹಿಡಿದು ಓಡಿಹೋಗಿ ಕೆಳಗಿನ ಮನೆ ದೊಡ್ಡಪ್ಪನನ್ನು ಕರೆದುಕೊಂಡು ಬಂದ. ಎಪ್ಪತ್ತು ದಾಟಿದೆ ಅವರಿಗೆ. ಪ್ಲಾಸ್ಟಿಕ್ ಕೊಪ್ಪೆ ಬಿಚ್ಚಿಟ್ಟು, ಕೈಯನ್ನು ಭುಜದವರೆಗೂ ಸೋಪು ಹಾಕಿ ಎರಡು ಸಲ ತೊಳೆದು, ಕೊಬ್ಬರಿ ಎಣ್ಣೆ ಬಳಿದುಕೊಂಡರು. ನಾನು ಆಗಲೇ ಹೊರಗೆ ಕಂಡ ಕಾಲಿಗೆ ಹಗ್ಗ ಕಟ್ಟುತ್ತಿದ್ದೆ.

"ಎಳೀಬೇಡ. ಮೊದಲು ಒಳಗೆ ತಳ್ಳಬೇಕು," ಅಂದರು.

ಬರುವ ದಾರಿ ಇಕ್ಕಟ್ಟು, ಅಲ್ಲಿ ಮಡಚಿದ ಕಾಲು ಬಿಚ್ಚುವುದಿಲ್ಲ. ಹಸು ಮುಕ್ಕುವುದನ್ನು ನಿಲ್ಲಿಸಿದ ಗಳಿಗೆಯಲ್ಲಿ ಕರುವನ್ನೇ ಹಿಂದಕ್ಕೆ ತಳ್ಳಬೇಕು. ಒಳಗೆ ಜಾಗ ಇರುತ್ತದೆ. ಅಲ್ಲಿ ಮಂಡಿ ಹುಡುಕಿ, ಗೊರಸು ಗರ್ಭಕ್ಕೆ ಗೀರದ ಹಾಗೆ ಅಂಗೈಯಲ್ಲಿ ಮುಚ್ಚಿ ಹಿಡಿದು, ಕಾಲನ್ನು ಮೆಲ್ಲಗೆ ಮುಂದಕ್ಕೆ ತರಬೇಕು. ಇದನ್ನೆಲ್ಲ ದೊಡ್ಡಪ್ಪ ಹೇಳಿದ್ದು ಆಮೇಲೆ. ಆಗ ಅವರು ಕಣ್ಣು ಮುಚ್ಚಿಕೊಂಡು, ಕೆನ್ನೆಯನ್ನು ಚುಕ್ಕಿಯ ತೊಡೆಗೆ ಒತ್ತಿ, ಏನೋ ಬಾವಿಗೆ ಬಿದ್ದದ್ದನ್ನು ತಡಕುವವರ ಹಾಗೆ ಮಲಗಿದ್ದರು. ಕೊಟ್ಟಿಗೆಯಲ್ಲಿ ಹೆಂಚಿನ ಮೇಲೆ ಬೀಳುವ ಮಳೆ ಬಿಟ್ಟರೆ ಸದ್ದಿಲ್ಲ. "ಸಿಕ್ತು" ಅಂದರು. ಆಮೇಲೆ ಹಸು ಮುಕ್ಕಿದಾಗ ಮಾತ್ರ, ಕೆಳಮುಖವಾಗಿ, ಇಬ್ಬರೂ ಎಳೆದೆವು.

ಕರು ಬಿತ್ತು, ಉಸಿರಿಲ್ಲ. ಹಸಿ ಬಟ್ಟೆಯ ಹಾಗೆ ಬಿದ್ದುಕೊಂಡಿದೆ. ಮೂಗು ಬಾಯಿಯ ಲೋಳೆ ತೆಗೆದೆ, ಗೋಣಿಚೀಲದಲ್ಲಿ ಎದೆ ತಿಕ್ಕಿದೆ. ಅಮ್ಮ ಒಂದು ಹುಲ್ಲುಕಡ್ಡಿ ತಗೊಂಡು ಅದರ ಮೂಗಿನೊಳಗೆ ಹಾಕಿ ತಿರುವಿದಳು. ಕರು ಸೀನಿತು. ಆ ಸೀನು ಕೇಳಿ ಅಮ್ಮ ಅತ್ತೇ ಬಿಟ್ಟಳು.

ಹೆಣ್ಣು ಕರು. ಗಂಟೆ ಹನ್ನೊಂದೂವರೆ. ನನ್ನ ಬಸ್ಸು ಆಗ ಹಾಸನ ದಾಟಿರಬೇಕು.

ಅಲ್ಲಿಗೂ ಮುಗಿಯಲಿಲ್ಲ. ಒಂದೆರಡು ಗಂಟೆಯೊಳಗೆ ಕರುವಿಗೆ ಮೊದಲ ಹಾಲು ಸೇರಬೇಕು, ತಡವಾದಷ್ಟೂ ಅದರ ಗುಣ ಮೈಗೆ ಹತ್ತುವುದಿಲ್ಲ. ಆಮೇಲೆ ಮಾಸು, ಅಂದರೆ ಗರ್ಭದಲ್ಲಿ ಕರುವಿನ ಜೊತೆಗಿದ್ದ ಪೊರೆ, ಬೀಳಬೇಕು. ಅದನ್ನು ಕೈಯಲ್ಲಿ ಎಳೆಯಬಾರದು, ಕಾಯಬೇಕು. ಹೆತ್ತು ಹನ್ನೆರಡು ತಾಸು ದಾಟಿದರೆ ಡಾಕ್ಟರನ್ನು ಕರೆಸಲೇಬೇಕು. ನೀನು ಹೊಸ ಒಲೆ ಮೇಲೆ ಹಾಲು ಉಕ್ಕಿಸುವ ಹೊತ್ತಿಗೆ ನಾನು ಮಣೆ ಹಾಕಿಕೊಂಡು ಹಸುವಿನ ಹಿಂದೆ ಕೂತಿದ್ದೆ. ಬೆಳಗ್ಗೆ ಆರೂವರೆಗೆ ಮಾಸು ಬಿತ್ತು. ಅದನ್ನು ಹಾಲಿನಂಥ ಸೊನೆ ಬರುವ ಮರಕ್ಕೆ ಕಟ್ಟಿದರೆ ಹಸು ಜಾಸ್ತಿ ಹಾಲು ಕೊಡುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ನಾನು ನಾಯಿ ಕೆದರದ ಹಾಗೆ ಆಳವಾಗಿ ಹೂತೆ. ನಿನ್ನ ಹಾಲು ಉಕ್ಕಿದ ಫೋಟೋ ಕಂಡದ್ದು ಮರುದಿನ, ಟವರ್ ಬಂದ ಮೇಲೆ.

ನಿನ್ನ ಗೃಹಪ್ರವೇಶದ ನೆನಪಿಗೆ ಅಂತ ಹೆಂಡತಿ ಕರುವಿಗೆ ಗೃಹಲಕ್ಷ್ಮಿ ಅಂತ ಹೆಸರಿಟ್ಟಳು. "ತಿಂಗಳಿಗೆ ಎರಡು ಸಾವಿರ ಇದಕ್ಕೂ ಬರುತ್ತಾ?" ಅಂತ ದೊಡ್ಡಪ್ಪ ಕೇಳಿದರು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಚುಕ್ಕಿ ಜರ್ಸಿ ತಳಿ, ತಂದದ್ದು ನನ್ನ ಹಟಕ್ಕೆ. ಅಮ್ಮನ ಮಲೆನಾಡು ಗಿಡ್ಡ ತಳಿಯ ನಾಟಿ ಹಸು ಇದೆಯಲ್ಲ, ಕೆಂಪಿ, ಅದು ಹೋದ ವರ್ಷ ಮೇಯಲು ಹೋದಲ್ಲೇ ಕರು ಹಾಕಿ, ನೆಕ್ಕಿ ಒಣಗಿಸಿ, ಸಂಜೆ ಕರೆದುಕೊಂಡೇ ಮನೆಗೆ ಬಂತು. ಹಾಲು ಎರಡು ಲೀಟರ್ ದಾಟುವುದಿಲ್ಲ. ಆದರೆ ರಾತ್ರಿ ನಿದ್ದೆ ಕೊಡುತ್ತದೆ. ಅಮ್ಮ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಚುಕ್ಕಿಗೆ ಹಿಂಡಿ ತರುವ ದಿನ ಸುಮ್ನೆ ಕೆಂಪಿಯ ಮೈ ಸವರುತ್ತಾಳೆ.

ಇನ್ನು ತರಕಾರಿ ವಿಷಯ. ನೀನು ಬಾಲ್ಕನಿಯ ಕುಂಡದಲ್ಲಿ ಪಾಲಕ್ ಹಾಕಿದ ಫೋಟೋ ನೋಡಿ ಹೊಟ್ಟೆ ಉರಿಯಿತು. ಇಲ್ಲಿ ಒಂದು ಎಳೆ ಸೊಪ್ಪು ಉಳಿಯುತ್ತಿಲ್ಲ. ಆ ದೊಡ್ಡ ಆಫ್ರಿಕನ್ ಬಸವನಹುಳು ಗೊತ್ತಲ್ಲ, ನಮ್ಮ ಶನಿವಾರಸಂತೆ, ಕೊಡ್ಲಿಪೇಟೆ ಕಡೆ ಕಾಫಿ ತೋಟಕ್ಕೆಲ್ಲ ಹರಡಿದೆ. ಒಂದೊಂದು ಸಲಕ್ಕೆ ನೂರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಹಗಲು ತರಗಿನ ಕೆಳಗೆ ಅಡಗಿರುತ್ತದೆ, ಮಳೆ ರಾತ್ರಿ ಹೊರಗೆ ಬಂದು ಬೀನ್ಸ್ ಗಿಡದ ಸಿಪ್ಪೆಯನ್ನೂ ಬಿಡುವುದಿಲ್ಲ. ಒದ್ದೆ ಗೋಣಿಚೀಲದ ಕೆಳಗೆ ಪಪಾಯಿ ಎಲೆ, ಕೋಸಿನ ಎಲೆ ಹಾಕಿಟ್ಟರೆ ಅಲ್ಲಿಗೆ ಬಂದು ಸೇರುತ್ತವೆ. ಬೆಳಗ್ಗೆ ಕೈಗೆ ಕವರ್ ಸುತ್ತಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು ಮಗನ ಕೆಲಸ. ಬರಿ ಕೈಯಲ್ಲಿ ಮುಟ್ಟಬಾರದು, ಅದರಲ್ಲಿ ಮನುಷ್ಯರಿಗೆ ಕಾಯಿಲೆ ತರುವ ಹುಳ ಇರುತ್ತದೆ.

ಯಾರೋ ಹೇಳಿದರು ಅಂತ ಬಾತುಕೋಳಿ ತಂದೆ, ಸಣ್ಣ ಬಸವನಹುಳು ತಿನ್ನುತ್ತವೆ ಅಂತ. ತಿಂದವು, ಸುಳ್ಳಲ್ಲ. ಹುಳು ತಿಂದು ಮುಗಿಸಿ ಮೂಲಂಗಿ ಸಸಿ ತಿಂದವು. ಮೂರು ಪಾತಿ ಒಂದು ಬೆಳಗ್ಗೆಗೆ ಖಾಲಿ. ಅಮ್ಮ ಆ ದಿನದಿಂದ ಅವುಗಳನ್ನು "ನಿನ್ನ ಆಳುಗಳು" ಅಂತ ಕರೆಯುತ್ತಾಳೆ.

ಹಂದಿಗಳು ಚೆನ್ನಾಗಿವೆ. ಕೈಲುಮುಹೂರ್ತ ಹಬ್ಬಕ್ಕೆ ಒಂದು ಹೋಗುತ್ತದೆ, ಆಗಲೇ ಕೇಳಿ ಹೋಗಿದ್ದಾರೆ. ಮೊದಲು ಪೇಟೆಯ ಹೋಟೆಲಿನಿಂದ ಉಳಿದ ಅನ್ನ ತರುತ್ತಿದ್ದೆ. ಆಫ್ರಿಕನ್ ಹಂದಿಜ್ವರದ ಸುದ್ದಿ ಬಂದ ಮೇಲೆ ಬಿಟ್ಟೆ. ಎಂಜಲಿನಲ್ಲಿ ಬೆರೆತ ಹಂದಿಮಾಂಸದಿಂದಲೂ ಬರುತ್ತದೆ ಅದು. ಬಂದರೆ ಗೂಡೇ ಖಾಲಿ. ಈಗ ಕೆಸುವಿನ ದಂಟು, ತೌಡು, ಮನೆಯ ಹಲಸಿನಹಣ್ಣು, ಎಲ್ಲ ದೊಡ್ಡ ಹಂಡೆಯಲ್ಲಿ ಬೇಯಿಸಿ ಹಾಕುತ್ತೇವೆ. ಸೌದೆ ಒದ್ದೆ, ಹೊಗೆ ಕುಡಿಯುವುದು ನಾವು.

ಗದ್ದೆ ನಾಟಿ ಮುಗಿಯಿತು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹಸಿಮೆಣಸು ಹಾಕಬೇಕೋ ಬೇಡವೋ ಅಂತ ಈಗಿನಿಂದಲೇ ಜಗಳ. ಹೋದ ಬೇಸಿಗೆಯಲ್ಲಿ ಕೊಯ್ಲಿನ ಕೂಲಿಯೂ ಗಿಟ್ಟಲಿಲ್ಲ, ಕೊನೆಯ ಎರಡು ಕೊಯ್ಲು ಗಿಡದಲ್ಲೇ ಹಣ್ಣಾಗಲು ಬಿಟ್ಟೆ. ಹೆಂಡತಿ ಬೇಡ ಅನ್ನುತ್ತಾಳೆ. ನನಗೆ ಬೇರೆ ಬೆಳೆ ಗೊತ್ತಿಲ್ಲ.

ಮಳೆ? ನಿನ್ನೆ 3 ಇಂಚು 20 ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು). ಚುಕ್ಕಿಯ ದಿನ ಲೆಕ್ಕ ಹಾಕಿದ ಅದೇ ಕ್ಯಾಲೆಂಡರಿನಲ್ಲಿ ಬರೆದಿದೆ. ಚುಕ್ಕಿ ಹೆತ್ತ ದಿನದ ಚೌಕ ಮಾತ್ರ ಖಾಲಿ, ಅಳೆಯಲು ಯಾರೂ ಹೋಗಲಿಲ್ಲ.

ನಾಳೆ ರಾತ್ರಿ ಬಸ್ಸಿಗೆ ಒಂದು ಚೀಲ ಹಾಕುತ್ತಿದ್ದೇನೆ. ಗಿಣ್ಣು ಕಳಿಸಲು ಆಗುವುದಿಲ್ಲ, ದಾರಿಯಲ್ಲಿ ಕೆಡುತ್ತದೆ. ಏಲಕ್ಕಿ, ಬೆಲ್ಲ ಹಾಕಿ ಅಮ್ಮ ಮಾಡಿದಳು, ನಿನ್ನ ಪಾಲನ್ನು ನಾನೇ ತಿಂದೆ. ಸೀಮೆಬದನೆ ಇದೆ, ಎಷ್ಟು ಬಸವನಹುಳು ಬಂದರೂ ಚಪ್ಪರದ ಮೇಲಿನದು ಉಳಿಯುತ್ತದೆ. ಸೂಜಿಮೆಣಸು ಒಂದು ಹಿಡಿ. ಪತ್ರೊಡೆಗೆ ಕೆಸುವಿನ ಎಲೆ, ಹುಳಿ ಜಾಸ್ತಿ ಹಾಕಲು ನಿನ್ನ ಹೆಂಡತಿಗೆ ಹೇಳು, ಇಲ್ಲದಿದ್ದರೆ ಗಂಟಲು ತುರಿಸಿ ನನಗೇ ಬೈಯುತ್ತೀರಿ. ಕಳಲೆ (ಎಳೆ ಬಿದಿರು) ಸ್ಟೀಲ್ ಡಬ್ಬದಲ್ಲಿದೆ. ಮೂರು ದಿನ ನೀರು ಬದಲಿಸಿ ನೆನೆಸಿ ಆಗಿದೆ, ಬೇಯಿಸಿ ಪಲ್ಯ ಮಾಡಿದರೆ ಆಯಿತು.

ಡಬ್ಬ ಅಮ್ಮನದು. ವಾಪಸ್ ಕಳಿಸಬೇಡ, ನೀನೇ ತಗೊಂಡು ಬಾ. ಫೋನ್ ಎತ್ತು.

ನಿನ್ನ,
ಕೊನೆ ಬೆಂಚಿನವನು